ಎದುರು ದಿಕ್ಕಿನ ಸಾಲು

ಹೇಳದೆ ಕುದುರೆ ಇಳಿಯೋದಿಲ್ಲ ಕಣೇ, ನಿನ್ನಾಣೆ, ಎಂದು ಅಕ್ಕ ಬುರುಲ್ ಮಾತು ಕೊಟ್ಟಾಗ ಅವಳ ಬಾಯಿಂದ ಹುಳಿಬಂದ ಕುದುರೆಹಾಲಿನ ವಾಸನೆ ಬರುತ್ತಿತ್ತು, ಮೈಯಿಂದ ಒದ್ದೆ ಉಣ್ಣೆಯದು, ಈಗ ಮೂಲೆಯ ಇಸ್ತ್ರಿ ಉಸ್ಸೆಂದು ಹಬೆ ಬಿಟ್ಟಾಗ ಅದೇ ಒದ್ದೆ ಉಣ್ಣೆ ಎದ್ದು ಬಂದು ಜಿಪಾರಳ ಮೂಗಿಗೆ ಅಡರುತ್ತದೆ, ಯಂತ್ರದಡಿ ಕೋಟಿನ ತೋಳಿನ ಹೊಲಿಗೆ ಅರ್ಧಕ್ಕೇ ನಿಲ್ಲುತ್ತದೆ, ಕತ್ತೆತ್ತಿದರೆ ಹೊಲಿಗೆ ಕಾರ್ಖಾನೆಯ ನೆಲಮಾಳಿಗೆಯ ಕಿಟಕಿಯಲ್ಲಿ ಬೀದಿಯವರ ಕಾಲುಗಳಷ್ಟೇ ಕಾಣುತ್ತವೆ, ಬೂಟು, ಬೂಟು, ಹಿಮ್ಮಡಿ ಸವೆದ ಹೆಂಗಸರ ಚಪ್ಪಲಿ, ಕಾಲುಗಳು ಬರುತ್ತವೆ ಹೋಗುತ್ತವೆ, ಮೇಲೆ ಮುಖವೇ ಇಲ್ಲ — ಅಕ್ಕ ಮಾತು ಕೊಟ್ಟ ಆ ರಾತ್ರಿಯೂ ಮೊದಲು ಕಂಡದ್ದು ಕಾಲುಗಳೇ, ಬೂದು ಕುದುರೆಯ ನಾಲ್ಕು ಕಾಲು, ಮಂಜಿನೊಳಗಿಂದ, ಆಮೇಲೆ ಹೊಟ್ಟೆ, ಆಮೇಲೆ ಜೀನು, ಜೀನಿನ ಮೇಲೆ ಯಾರೂ ಇಲ್ಲ, ಲಗಾಮು ಹುಲ್ಲಿನ ಮೇಲೆ ಎಳೆದುಕೊಂಡು ಬಿದ್ದಿತ್ತು. ಬೇಸಗೆ ಹುಲ್ಲುಗಾವಲು, ಮಲಗಿದ ಮಂದೆ, ಮಂದೆಯ ಈ ಬದಿಗೆ ತಂಗಿ, ಆ ಬದಿಗೆ ಅಕ್ಕ, ನಡುವೆ ಕುರಿಗಳ ಉಸಿರು, ಇವಳು ಒಂದು ಸಾಲು ಹಾಡಬೇಕು, ಅವಳು ಎದುರು ದಿಕ್ಕಿನಿಂದ ಒಂದು ಸಾಲು ಮರಳಿಸಬೇಕು, ಹಾಡು ಸುತ್ತುತ್ತಿದ್ದರೆ ತೋಳ ಹತ್ತಿರ ಸುಳಿಯುವುದಿಲ್ಲ, ಹಾಡು ತುಂಡಾದರೆ ಆ ಬದಿಗೆ ಏನೋ ಆಗಿದೆ ಎಂದು ಅರ್ಥ, ಈ ಬದಿಗೆ ನಾನಿರುವೆ ಆ ಬದಿಗೆ ಯಾರು, ಎಂದು ಜಿಪಾರ್ ಹಾಡಿದಳು, ಉತ್ತರವಿಲ್ಲ, ಇನ್ನೊಮ್ಮೆ ಹಾಡಿದಳು, ಉತ್ತರವಿಲ್ಲ, ಆಗ ಕುದುರೆ ತಿರುಗಿಸಿಕೊಂಡು ಮಂದೆಯನ್ನು ಸುತ್ತಿ ಬಂದರೆ ಆ ಬೂದು ಕುದುರೆ, ಆ ಖಾಲಿ ಜೀನು. ಬುರುಲ್‌ಗೆ ಏನೂ ಆಗಿರಲಿಲ್ಲ, ನಿದ್ದೆ ತಡೆಯದೆ ಇಳಿದು ಕುರಿಗಳ ನಡುವೆ ಕೋಟು ಹೊದ್ದು ಮಲಗಿಬಿಟ್ಟಿದ್ದಳು, ಅಷ್ಟೇ, ಆದರೆ ತಂಗಿ ಅತ್ತು ಅತ್ತು ಕಾರಿಕೊಂಡಳು, ಅಕ್ಕ ಅವಳ ಬಾಯಿ ಒರೆಸುತ್ತ, ಆಯ್ತು ಸುಮ್ಮನಿರೇ ಪೆದ್ದಿ, ಅಪ್ಪನಿಗೆ ಕೇಳಿಸೀತು, ಇನ್ನು ಹೇಳದೆ ಇಳಿಯೋದಿಲ್ಲ, ಇಳಿಯೋ ಮುಂಚೆ ಮಂದೆ ಒಪ್ಪಿಸೋ ಸಾಲು ಹಾಡಿಯೇ ಇಳೀತೀನಿ, ಸಾಯ್ತಾ ಇದ್ರೂ ಹಾಡಿಯೇ ಇಳೀತೀನಿ, ಸಾಕಾ, ಎಂದಳು, ನಕ್ಕಳು, ಮೂಗು ಹಿಂಡಿದಳು.

ಏನಕ್ಕಾ, ತೋಳಿಗೆ ಕೈ ತೂರಿಸಿಕೊಂಡು ನಿದ್ದೆ ಹೊಡೀತಿದೀಯ, ಎಂದು ಪಕ್ಕದ ಯಂತ್ರದಿಂದ ಬಾಕ್ತಿಗುಲ್ ಮೊಣಕೈಯಲ್ಲಿ ತಿವಿಯುತ್ತಾಳೆ, ನಿನ್ನ ಹಾಡಿಗೆ ಊರೆಲ್ಲ ಹಬ್ಬ ಮಾಡ್ತಿದೆ, ನೀನು ನೋಡಿದರೆ ಹುಳಿ ಮಜ್ಜಿಗೆ ಕುಡಿದ ಮುಖ, ನೋಡು ಇಲ್ಲಿ, ಎಂದು ತನ್ನ ಫೋನನ್ನೇ ಮುಖಕ್ಕೆ ಹಿಡಿಯುತ್ತಾಳೆ, ಜಿಪಾರ್ ನೋಡುವುದಿಲ್ಲ, ನೋಡಿಯಾಗಿದೆ, ಬೆಳಗಿನಿಂದ ಅದೇ, ಒಂಟಿ ಕಿವಿ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಒಂಟಿ ಕಿವಿ ಶುರುವಾದದ್ದು ಇದೇ ನೆಲಮಾಳಿಗೆಯಲ್ಲಿ, ಒಂದು ಕಿವಿಗೆ ಏನು ಬೇಕಾದರೂ ತುರುಕಿಕೊಳ್ಳಿ, ಇನ್ನೊಂದು ಕಿವಿ ನನ್ನದು, ಎಂದು ಮೇಲ್ವಿಚಾರಕ ಮಾಕ್ಸತ್ ಕೂಗಾಡಿದ ದಿನ ಬಾಕ್ತಿಗುಲ್ ಫೋನಿನಲ್ಲಿ ಈ ಗುಂಪು ತೆರೆದಳು, ಅದೇ ಹೆಸರಿಟ್ಟಳು, ಇಲ್ಲಿಂದ ಅದು ಮಾಸ್ಕೋದಲ್ಲಿ ನೆಲ ಒರೆಸುವ ಹುಡುಗಿಯರಿಗೆ ಹೋಯಿತು, ಲಾರಿಯವರಿಗೆ ಹೋಯಿತು, ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಕುರಿಗಾಹಿಗಳ ಹೆಂಡಿರಿಗೆ ಹೋಯಿತು, ದಿನಕ್ಕೊಬ್ಬರು ಒಂದು ಹಾಡು ಹಾಕಬಹುದು, ಕೆಳಗೆ ಯಾರ ಬಾಯಿಂದ ಕೇಳಿದ್ದೆಂದು ಬರೆಯಲೇಬೇಕು, ಅದೊಂದೇ ಕಟ್ಟಳೆ, ಬಾಯಿ ಇಲ್ಲದ ಹಾಡು ಅಪ್ಪ ಇಲ್ಲದ ಮಗು ಇದ್ದ ಹಾಗೆ ಎಂದು ಲಾರಿಯ ತೊಕ್ತೊಬಾಯ್ ಹೇಳಿದ್ದಕ್ಕೆ, ನಿನಗೆ ಚೆನ್ನಾಗಿ ಗೊತ್ತಿರಬೇಕಲ್ಲಪ್ಪ ಅಂಥವು ಎಷ್ಟಿವೆ ಅಂತ, ಎಂದು ಯಾರೋ ಅವನ ಕಾಲೆಳೆದಿದ್ದರು. ಅಜ್ಜಿಯ ಬಾಯಿಂದ, ಸೇನೆಯಲ್ಲಿ ಪಕ್ಕದ ಮಂಚದವನ ಬಾಯಿಂದ, ಮೊದಲನೇ ಗಂಡನ ಬಾಯಿಂದ, ಹಾಡು ಒಳ್ಳೇದು, ಗಂಡ ಅಲ್ಲ — ಹೀಗೆಲ್ಲ ಬರೆಯುತ್ತಾರೆ, ಜಿಪಾರ್ ಓದುತ್ತಾಳೆ, ತೋಳು ಹೊಲಿಯುತ್ತಾಳೆ, ಎಡತೋಳು, ಬಲತೋಳು, ಒಂದು ದಿನ ತಾನೂ ಹಾಡಿ ಹಾಕಿದಳು, ಈ ಬದಿಗೆ ನಾನಿರುವೆ, ಹಾಡಿ ಸುಮ್ಮನಾದಳು, ಉತ್ತರ ಹಿಡಿಸುವಷ್ಟು ಹೊತ್ತು ಬಾಯಿ ಕಟ್ಟಿಕೊಂಡಳು, ಮತ್ತೆ ಒಂದು ಸಾಲು ಹಾಡಿದಳು, ಮತ್ತೆ ಸುಮ್ಮನಾದಳು, ಯಾರ ಬಾಯಿಂದ ಎಂಬಲ್ಲಿ ಅಕ್ಕನ ಬಾಯಿಂದ ಎಂದು ಬರೆದಳು. ಎಜೆ, ನಿಮ್ಮ ಫೋನು ಅರ್ಧ ಹಾಡು ತಿಂದುಬಿಟ್ಟಿದೆ, ಎಂದಿದ್ದ ತೊಕ್ತೊಬಾಯ್, ಅಕ್ಕನನ್ನು ಅವರು ಕರೆಯುವುದೇ ಎಜೆ ಎಂದು, ಆ ಖಾಲಿ ಜಾಗಗಳಲ್ಲಿ ತಾನೇ ಕತ್ತೆಯ ಹಾಗೆ ಅರಚಿ ಮರಳಿ ಹಾಕಿದ್ದ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆದರೆ ಪ್ರತಿ ವಸಂತದಲ್ಲಿ, ಮಂದೆ ಮೇಲೆ ಹತ್ತುವ ಹೊತ್ತಿಗೆ, ಅದೇ ಅರ್ಧ ಹಾಡನ್ನು ಮತ್ತೆ ಹಾಕುತ್ತಿದ್ದಳು, ಎಲ್ಲೋ ಒಂದು ಕಿವಿ ಇರಬಹುದು, ಎಲ್ಲೋ ಒಂದು ನೆಲ ಒರೆಸುವ ಕೈ ನಿಲ್ಲಬಹುದು, ಎಂದು ಯಾರಿಗೂ ಹೇಳಲಿಲ್ಲ, ಹೇಳಿದರೆ ಒಡೆದುಹೋದೀತು.

ಈ ಬೆಳಿಗ್ಗೆ ಮೀರಿಮ್ ಎಂಬ ಹುಡುಗಿ ಹಾಕಿದ್ದಾಳೆ, ಉರಾಲ್‌ ಆಚೆ ಯಾವುದೋ ಊರಿನಲ್ಲಿ ಮೀನು ಕೊಯ್ಯುವ ಕೆಲಸ, ಹುಟ್ಟಿದ್ದು ನರೀನ್ ಕಡೆಯ ಬೆಟ್ಟಗಳಲ್ಲಿ, ಎದೆಯ ಕಾಯಿಲೆಗೆ ಬಹಳ ದಿನ ಆಸ್ಪತ್ರೆಯಲ್ಲಿದ್ದಳಂತೆ, ಮೊನ್ನೆ ಬಿಟ್ಟಿದ್ದಾರಂತೆ, ಎರಡು ಧ್ವನಿ ಸಂದೇಶ, ಒಂದರ ಕೆಳಗೊಂದು, ಮೊದಲನೆಯದರ ಕೆಳಗೆ ಬರೆದಿದ್ದಾಳೆ — ಜಿಪಾರ್ ಎಜೆಯ ಅರ್ಧ ಹಾಡನ್ನು ವಾರ್ಡಿನಲ್ಲಿ ಕೇಳುತ್ತಿದ್ದೆ, ಕಿವಿಗೆ ಹಾಕಿಕೊಳ್ಳುವುದು ಕೆಟ್ಟಿತ್ತು, ಜೋರಾಗಿಯೇ ಇಟ್ಟಿದ್ದೆ, ಎಜೆ ಸುಮ್ಮನಾದ ಕಡೆ ಪಕ್ಕದ ಹಾಸಿಗೆಯಿಂದ ಉತ್ತರ ಬಂತು, ಮರುದಿನ ಮತ್ತೆ ಇಟ್ಟೆ, ಮತ್ತೆ ಬಂತು, ಆಗ ಫೋನಿನಲ್ಲಿ ಹಿಡಿದುಕೊಂಡೆ. ಹಾಕಿದ್ದೇ ತಡ ಗುಂಪು ಉಕ್ಕಿತು, ಸಿಕ್ತು ಸಿಕ್ತು, ಎಜೆಯ ಉಳಿದರ್ಧ ಸಿಕ್ತು, ಬೆಂಕಿಯ ಚಿತ್ರ, ಹೃದಯದ ಚಿತ್ರ, ಕುಣಿಯುವ ಕುರಿಯ ಚಿತ್ರ, ಎಂಥ ಗಂಟಲಪ್ಪಾ, ಯಾರಮ್ಮ ಈಕೆ, ಇದನ್ನು ನನ್ನ ಲಾರಿಯ ಹಾರ್ನಿಗೆ ಹಾಕಿಸ್ತೀನಿ ಎಂದು ತೊಕ್ತೊಬಾಯ್, ಮಗಳ ಮದುವೆಗೆ ಇದನ್ನೇ ಹಾಡಿಸ್ತೀನಿ ಎಂದು ಇಸ್ಸಿಕ್ ಕುಲ್ ಸರೋವರದ ಕಡೆಯ ಒಬ್ಬಾಕೆ, ಅಷ್ಟರಲ್ಲಿ ತೊಕ್ತೊಬಾಯ್‌ಗೇ ಕಟ್ಟಳೆ ನೆನಪಾಗಿ, ತಂಗೀ, ಯಾರ ಬಾಯಿಂದ ಅಂತ ಹಾಕಿಲ್ಲವಲ್ಲ, ಹೆಸರು ಬೇಕು, ಎಂದಿದ್ದಕ್ಕೆ ಮೀರಿಮ್ ಬರೆದದ್ದು ಇಷ್ಟೇ: ಹೆಸರು ಎರಡನೆಯದರಲ್ಲಿದೆ.

ಮೊದಲನೆಯದನ್ನು ಜಿಪಾರ್ ಕೇಳಿದ್ದಾಳೆ, ಕೇಳುತ್ತಲೇ ಇದ್ದಾಳೆ, ಎಡಗಿವಿಯಲ್ಲಿ, ಯಂತ್ರ ಓಡುವಾಗಲೂ, ಓಡದಿರುವಾಗಲೂ. ಮೊದಲು ತನ್ನದೇ ದನಿ, ಬೇರೆ ಫೋನಿನ ಹೊಟ್ಟೆಯಿಂದ ಬಂದದ್ದು, ತವರದ ಡಬ್ಬಿಯೊಳಗಿನ ಹುಡುಗಿಯ ದನಿಯಂತೆ, ಈ ಬದಿಗೆ ನಾನಿರುವೆ ಆ ಬದಿಗೆ ಯಾರು, ಆಮೇಲೆ ಖಾಲಿ, ಆ ಖಾಲಿಯಲ್ಲಿ ಕಬ್ಬಿಣದ ಮಂಚ ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ, ದೂರದಲ್ಲಿ ದಾದಿಯೊಬ್ಬಳು ರಷ್ಯನ್ ಭಾಷೆಯಲ್ಲಿ ಬಕೆಟ್ಟಿನ ಬಗ್ಗೆ ಬಯ್ಯುತ್ತಾಳೆ, ಮತ್ತೆ — ಆ ಬದಿಗೆ ನಾನಿರುವೆ, ತೋಳಪ್ಪ, ನಿನ್ನ ಮೀಸೆ ಸುಟ್ಟೇನು — ಮೀಸೆ, ತೋಳದ ಮೀಸೆ, ಅದು ಹಾಡಿನಲ್ಲಿಲ್ಲ, ಯಾರ ಹಾಡಿನಲ್ಲೂ ಇಲ್ಲ, ತಂಗಿಯ ಹೆದರಿಕೆ ಹೋಗಲೆಂದು ಬುರುಲ್ ತಾನೇ ಕಟ್ಟಿ ತುರುಕಿದ್ದು, ಅಪ್ಪ ಕೇಳಿಸಿಕೊಂಡು ಹಳೆಯ ಹಾಡನ್ನು ಕೆಡಿಸಬೇಡಿ ಹೆಣ್ಣುಗಳಾ ಎಂದು ಬೈದಿದ್ದ, ಬೈಯುತ್ತ ನಕ್ಕಿದ್ದ. ದನಿ ಒಡೆದಿದೆ, ಮೀಸೆ ಎನ್ನುವಲ್ಲಿ ಉಸಿರು ಸಾಲದು, ಆದರೆ ಸುಟ್ಟೇನು ಎನ್ನುವಾಗ ಮೂಗಿನೊಳಗೆ ನಗುವನ್ನು ಒತ್ತಿಹಿಡಿಯುವ ಆ ರೀತಿ, ಅದನ್ನು ಯಾರು ಕದಿಯಲಾದೀತು, ಮೊದಲ ಸಲ ಕೇಳಿದಾಗ ಸೂಜಿ ಬೆರಳಿನ ಉಗುರಿಗೆ ತಾಗಿ ಸರಿದುಹೋಯಿತು, ಗೊತ್ತೇ ಆಗಲಿಲ್ಲ, ಬಾಕ್ತಿಗುಲ್, ಅಯ್ಯೋ ಅಕ್ಕ ರಕ್ತ, ಬಟ್ಟೆಗೆ ತಾಗಿಸಬೇಡ, ಮಾಕ್ಸತ್ ನಿನ್ನ ಚರ್ಮದಲ್ಲೇ ಹೊಸ ಕೋಟು ಹೊಲಿಸ್ತಾನೆ, ಎಂದಾಗಲೇ ನೋಡಿಕೊಂಡದ್ದು. ಬದುಕಿದ್ದಾಳೆ, ಬದುಕಿದ್ದಾಳೆ, ಮಂಚದ ಮೇಲಿದ್ದಾಳೆ, ಕೆಮ್ಮುತ್ತಿದ್ದಾಳೆ, ಇವತ್ತೇ ಹೊರಡಬೇಕು, ವಿಮಾನವೋ ರೈಲೋ, ಯಾರ ಹತ್ತಿರ ಕೇಳುವುದು, ಮಗಳನ್ನು ಅಮ್ಮನ ಹತ್ತಿರ ಬಿಡಬೇಕು, ಬೆಚ್ಚನೆಯ ಚಡ್ಡಿಬನಿಯನ್ನು, ಕುದುರೆಮಾಂಸದ ಒಣ ತುಂಡು, ಆಸ್ಪತ್ರೆಯವರು ಬಿಡುತ್ತಾರೋ ಇಲ್ಲವೋ — ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡೇ ಮೀರಿಮ್‌ಗೆ ಬರೆದಳು, ನಾನವಳ ತಂಗಿ, ಹೇಗಿದ್ದಾಳೆ, ಯಾವ ಊರು. ಮೀರಿಮ್ ಬರೆದಳು, ಎಜೆ, ಎರಡನೆಯದನ್ನು ಕೇಳಿ. ಹೇಗಿದ್ದಾಳೆ ಹೇಳೇ ತಾಯಿ, ಎಂದು ಮತ್ತೆ ಕೇಳಿದಳು. ಎರಡನೆಯದನ್ನು ಕೇಳಿ ಎಜೆ, ನಾನು ನಿಮ್ಮ ಮಗಳ ವಯಸ್ಸಿನವಳು, ನನ್ನ ಬಾಯಲ್ಲಿ ಹೇಳಿಸಬೇಡಿ.

ಬದುಕಿರುವವರ ಸುದ್ದಿ ಒಂದೇ ಮಾತಿನಲ್ಲಿ ಮುಗಿಯುತ್ತದೆ, ಚೆನ್ನಾಗಿದ್ದಾಳೆ, ಹುಷಾರಿಲ್ಲ, ಊಟ ಮಾಡುತ್ತಿಲ್ಲ, ಅದಕ್ಕೆ ಹಾಡು ಬೇಕಾಗುವುದಿಲ್ಲ, ಹಾಡು ಬೇಕಾಗುವುದು ಇನ್ನೊಂದಕ್ಕೆ, ಚಿಕ್ಕಪ್ಪ ಹಿಮಕುಸಿತಕ್ಕೆ ಸಿಕ್ಕಾಗ ಊರಿನ ಹಿರಿಯರು ಅಜ್ಜಿಯ ಗುಡಾರಕ್ಕೆ ಬಂದು ಕೂತರು, ಚಹಾ ಕುಡಿದರು, ಹುಲ್ಲಿನ ಮಾತಾಡಿದರು, ಒಬ್ಬ ತಂತಿವಾದ್ಯ ತೆಗೆದು ಮೇಲಣ ಇಳಿಜಾರಿನ ಒಂಟಿ ಮರದ ಬಗ್ಗೆ ಹಾಡಿದ, ಗಾಳಿ ಬಂತು ಎಂದು ಹಾಡಿದ, ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು, ಮರ ಬಿತ್ತೇನಪ್ಪ, ಎಂದು ತಾನೇ ಕೇಳಿದಳು. ಹೌದಮ್ಮ, ಎಂದರು. ಅಷ್ಟೇ. ಬರಿಬಾಯಲ್ಲಿ ಯಾರೂ ಹೇಳಲಿಲ್ಲ, ಯಾರೂ ಹೇಳುವುದಿಲ್ಲ, ಮೀರಿಮ್ ಮೀನು ಕೊಯ್ಯುವ ಹುಡುಗಿಯಾದರೇನು, ನರೀನಿನ ಗುಡಾರದಲ್ಲಿ ಹುಟ್ಟಿದವಳಲ್ಲವೇ — ಇಲ್ಲ, ಹಾಗಲ್ಲ, ಎರಡನೆಯದರಲ್ಲಿ ಬರೀ ಹೆಸರಿರಬಹುದು, ಊರಿನ ವಿಳಾಸವಿರಬಹುದು, ಬುರುಲೇ ಮಾತಾಡಿರಬಹುದು, ಏನೇ ಪೆದ್ದಿ ಎಂದಿರಬಹುದು, ಬಟನ್ನು ಅಲ್ಲೇ ಇದೆ, ಹೆಬ್ಬೆರಳಿನಷ್ಟು ದೂರ, ಒತ್ತದಿರುವಷ್ಟು ಹೊತ್ತು ಅವಳು ಆ ಬದಿಗೆ ಇದ್ದಾಳೆ, ಕುದುರೆಯ ಮೇಲಿದ್ದಾಳೆ. ಫೋನು ನಡುಗುತ್ತದೆ, ಅಮ್ಮ. ಜಿಪಾರ್, ಬರುವಾಗ ರೊಟ್ಟಿ ತಗೊಂಡು ಬಾ, ನಿನ್ನೆಯದು ಕಲ್ಲಾಗಿದೆ, ನನ್ನ ಹಲ್ಲಿನ ಮೇಲೆ ಏನಾದರೂ ಕರುಣೆ ಇದ್ರೆ, ಯಾಕೆ ಮಾತಾಡ್ತಿಲ್ಲ, ಆ ಮಾಕ್ಸತ್ ಬಯ್ದನಾ. ಇಲ್ಲಮ್ಮ. ದನಿ ಯಾಕೆ ಹಾಗಿದೆ. ಹಬೆಯಮ್ಮ, ಇಸ್ತ್ರಿ ಹಬೆ. ಹಬೆ ಅಂತೆ ಹಬೆ, ಬಿಸಿನೀರು ಕುಡಿ, ಎಂದು ಇಟ್ಟುಬಿಡುತ್ತಾಳೆ ಕಾಲಿಪಾ, ಎಂಬತ್ತರ ಹತ್ತಿರದ ಮುದುಕಿ, ಇವತ್ತಿಗೂ ಚಹಾದ ಹೊತ್ತಿಗೆ ಒಂದು ಬಟ್ಟಲು ಹೆಚ್ಚಿಗೆ ಇಡುತ್ತಾಳೆ, ಅರ್ಧ ತುಂಬಿಸುತ್ತಾಳೆ, ತಣಿದ ಮೇಲೆ ತಾನೇ ಕುಡಿಯುತ್ತಾಳೆ, ನೆರೆಯವರು ಒಮ್ಮೆ, ಅಕ್ಕಾ, ಇಷ್ಟು ವರ್ಷವಾಯಿತು, ಒಂದು ಕುರಿ ಕಡಿದು ಹೆಸರಿಗೆ ಪ್ರಾರ್ಥನೆ ಮಾಡಿಸಿಬಿಡಿ, ಮಗಳ ಪಾಲಿನ ಅಳುವ ಹಾಡನ್ನು ಹಾಡಿ ಮುಗಿಸಿ, ಎಂದು ಮೆತ್ತಗೆ ಹೇಳಲು ಬಂದಾಗ ಅಮ್ಮ ಚಹಾದ ಪಾತ್ರೆಯನ್ನೇ ಎತ್ತಿಕೊಂಡು ನಿಂತಳು, ಬುರುಲ್ ತಾನೇ ಬಾಯಿಬಿಟ್ಟು ಹೇಳೋವರೆಗೂ ಈ ಮನೇಲಿ ಯಾವ ಹೆಂಗಸೂ ಅಳುವ ಹಾಡಿಗೆ ಅಂತ ಗೋಡೆಗೆ ಮುಖ ಮಾಡಿ ಕೂರಕೂಡದು, ಸೊಂಟದ ಮೇಲೆ ಕೈ ಇಡಕೂಡದು, ನಡೀರಿ ಆಚೆ, ಎಂದಳು.

ಹೇಳದೆ ಹೋದವಳು ಅವಳು, ಅದೊಂದು ಮುಳ್ಳು ಜಿಪಾರಳ ಗಂಟಲಲ್ಲಿ ಇಷ್ಟು ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದೆ, ಸಂತೆಯಿಂದ ಬರುತ್ತಿದ್ದವಳನ್ನು ಹೊತ್ತು ಕಾರಿಗೆ ಹಾಕಿಕೊಂಡು ಹೋದರು, ಕಣಿವೆಯಾಚೆಯ ಹುಡುಗರು, ಸಂಜೆಗೆ ತಲೆಗೆ ಬಿಳಿ ಬಟ್ಟೆ ಕಟ್ಟಿ ಮದುಮಗಳು ಎಂದರು, ಮೂರು ದಿನಕ್ಕೆ ತಪ್ಪಿಸಿಕೊಂಡು ಬರಿಗಾಲಲ್ಲಿ ಬಂದಳು, ಅಪ್ಪ ಗುಡಾರದ ಬಾಗಿಲಲ್ಲಿ ನಿಂತು, ಹೊಸ್ತಿಲು ದಾಟಿದ ಹೆಣ್ಣು ತಿರುಗಿ ಬರೋದಿಲ್ಲ, ನನ್ನ ಮುಖಕ್ಕೆ ಮಸಿ ಬಳೀಬೇಡ, ಹೋಗು, ಎಂದ, ಅಮ್ಮ ಬೂದಿಯ ಮೇಲೆ ಕುಳಿತು ಅಳುತ್ತಿದ್ದಳು, ಜಿಪಾರ್ ಆಗ ಮಂದೆಯ ಜೊತೆ ಮೇಲೆ ಇದ್ದಳು, ಇಳಿದು ಬರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು, ಯಾವುದೋ ಲಾರಿ ಹತ್ತಿದಳಂತೆ, ಉತ್ತರದ ಕಡೆಯದು, ಒಂದು ಸಾಲು ಹಾಡಲಿಲ್ಲ, ಕಾಯಲಿಲ್ಲ, ಹೇಳದೆ ಇಳಿಯೋದಿಲ್ಲ ಎಂದವಳು ಹೇಳದೆ ಹೋದಳು, ಎಂದು ತಂಗಿ ಎಷ್ಟು ರಾತ್ರಿ ಕಂಬಳಿ ಕಚ್ಚಿದಳು, ಆ ಅಪ್ಪ ಸಾಯುವಾಗ ಬಾಗಿಲ ಕಡೆಗೇ ನೋಡುತ್ತಿದ್ದ, ಯಾರೋ ಬಂದರೇನೇ, ನೋಡು, ಯಾರೋ ಬರಿಗಾಲಲ್ಲಿ, ಎನ್ನುತ್ತಿದ್ದ, ಅದು ಬುರುಲ್‌ಗೆ ಗೊತ್ತಿಲ್ಲ, ಗೊತ್ತಾಗಿದ್ದರೆ ಬರುತ್ತಿದ್ದಳೇ, ಒಂದು ಕಾಗದ, ಒಂದು ಫೋನು, ನಾಚಿಕೆಯೋ, ಹೊತ್ತವರು ಮತ್ತೆ ಹೊತ್ತಾರೆಂಬ ಹೆದರಿಕೆಯೋ, ಮೊದಲ ವರ್ಷ ಹೆದರಿಕೆ, ಆಮೇಲೆ ಮೊದಲ ವರ್ಷದ ನಾಚಿಕೆ, ಆಮೇಲೆ ನಾಚಿಕೆಯ ಮೇಲೆ ಮತ್ತೊಂದು ವರ್ಷ, ಹಿಮದ ಮೇಲೆ ಹಿಮ ಬಿದ್ದ ಹಾಗೆ, ದಾರಿಯೇ ಮುಚ್ಚಿಹೋಯಿತೇನೋ — ಎಡತೋಳು, ಬಲತೋಳು, ಹಬೆ, ಕಿಟಕಿಯಲ್ಲಿ ಕಾಲುಗಳು, ಒಂದು ಜೊತೆ ಕಾಲು ನಿಲ್ಲುತ್ತದೆ, ಯಾರದ್ದೋ ಬೂದು ಬೂಟು, ಹೋಗುವುದಿಲ್ಲ, ಅಲ್ಲೇ ನಿಂತಿದೆ.

ಅಕ್ಕಾ, ಎರಡನೇದು ಇನ್ನೂ ಕೇಳಿಲ್ವಾ, ಎಂದು ಬಾಕ್ತಿಗುಲ್, ನಾವ್ಯಾರೂ ಕೇಳಿಲ್ಲ, ಮೊದಲು ಜಿಪಾರ್ ಎಜೆ ಕೇಳಲಿ ಅಂತ ಆ ಹುಡುಗಿ ಗುಂಪಿಗೇ ಬರೆದಿದಾಳೆ, ಏನು ದೊಡ್ಡ ರಾಣಿ ಆಗಿಬಿಟ್ಟೆ ನೀನು, ಒತ್ತು ಮಾರಾಯ್ತಿ, ನನಗೆ ತಡಕೊಳ್ಳೋಕಾಗ್ತಿಲ್ಲ, ಇಲ್ಲಾ ಕೊಡು ನಾನೇ ಒತ್ತುತ್ತೀನಿ. ಕೈ ಚಾಚುತ್ತಾಳೆ. ಬೇಡ, ಎನ್ನುತ್ತಾಳೆ ಜಿಪಾರ್, ತನ್ನ ದನಿ ತನಗೇ ಬೇರೆ ಕೋಣೆಯಿಂದ ಕೇಳಿಸುತ್ತದೆ, ಯಂತ್ರದ ಕೀಲಿ ಆರಿಸುತ್ತಾಳೆ, ಆ ಸಾಲಿನಲ್ಲಿ ಅದೊಂದೇ ಯಂತ್ರ ನಿಂತಿತೆಂದು ಆಚೆ ತುದಿಯಿಂದ ಮಾಕ್ಸತ್ ಕೂಗುತ್ತಾನೆ, ಏನಲ್ಲಿ ಚಹಾ ಕೂಟವಾ, ಕೂಗಲಿ, ಆ ಕಿವಿ ಅವನದು, ಈ ಕಿವಿ, ಎಡಗಿವಿ — ಒತ್ತುತ್ತಾಳೆ. ಮೊದಲು ಮೀರಿಮ್‌ಳ ಪಿಸುದನಿ, ಹೇಳಿ ಅಕ್ಕಾ, ಶುರುವಾಗಿದೆ, ಎನ್ನುತ್ತದೆ, ಯಾವ ಹಾಡೂ ಇಲ್ಲ, ಇಲ್ಲಿ ಯಾರೂ ಕರೆದಿಲ್ಲ, ಕರೆಯದೆಯೇ ಉತ್ತರ, ಕೆಮ್ಮು, ನೀರಿನ ಲೋಟ ಹಲ್ಲಿಗೆ ತಾಗುವ ಸದ್ದು, ಆಮೇಲೆ ಅಕ್ಕನ ಮಾತು, ಹಾಡಲ್ಲ, ಬರೀ ಮಾತು, ಇಷ್ಟು ಹತ್ತಿರ, ಕಿವಿಯ ತೂತಿನೊಳಗೆ ಬಿಸಿ ಉಸಿರಿನಂತೆ, ಇದನ್ನ ಅಲ್ಲೇ ಹಾಕು ಮಗಾ, ಹಾಡು ಹಾಕ್ತಾರಲ್ಲ ಅಲ್ಲಿ, ಆದರೆ ಈಗಲೇ ಹಾಕಬೇಡ, ನಾನು ಮುಗಿದ ಮೇಲೆ ಹಾಕು, ಮುಂಚೆ ಹಾಕಿದರೆ ಆ ಪೆದ್ದಿ ಸಾಲ ಮಾಡಿ ಓಡಿಬರ್ತಾಳೆ, ನನ್ನನ್ನ ಹೀಗೆ ನೋಡ್ತಾಳೆ, ಬೇಡ. ಆಗ ಹಾಡಿದಳು. ನಿಧಾನವಾಗಿ, ನಡುವೆ ನಡುವೆ ಉಸಿರಿಗೆ ನಿಂತು, ಕುದುರೆ ಇಳಿಯುವ ಹುಡುಗಿ ಹಾಡುವ ಆ ಒಪ್ಪಿಸುವ ಸಾಲು, ಬೆಳಗಿನ ಜಾವ ಪ್ರತಿ ದಿನ ಹಾಡಿ ಗುಡಾರಕ್ಕೆ ಓಡುತ್ತಿದ್ದದ್ದು — ಮಂದೆಯನು ಎಣಿಸಿಹೆನು, ಒಂದೂ ಕಳೆದಿಲ್ಲ, ಲಗಾಮು ಬಿಟ್ಟಿಹೆನು, ಕೈಗೆ ಬಲವಿಲ್ಲ, ಬುರುಲ್ ನಾನು ಇಳಿದೆನೇ, ಜಿಪಾರ್ ನೀ ಕೇಳೇ, ಇನ್ನು ನೀನೇ ಕಾಯಬೇಕು ಬೆಳಕು ಹರಿವವರೆಗೆ. ಆಮೇಲೆ ಖಾಲಿ. ಆ ಖಾಲಿ ಎಷ್ಟು ಉದ್ದವೆಂದು ಜಿಪಾರ್‌ಗೆ ಗೊತ್ತು, ಸರಿಯಾಗಿ ತಾನು ಹೂಂ ಇಳಿಯೇ ಅಕ್ಕ ಎಂದು ಮರಳಿಸುವಷ್ಟು, ಅಳತೆ ಮಾಡಿ ಬಿಟ್ಟದ್ದು, ಇವಳು ವರ್ಷ ವರ್ಷವೂ ಬಿಡುತ್ತಿದ್ದಳಲ್ಲ, ಹಾಗೆಯೇ, ಮಂಚ ಕಿರುಗುಟ್ಟುವುದಿಲ್ಲ, ಕೆಮ್ಮಿಲ್ಲ, ಖಾಲಿ ಮುಗಿಯುತ್ತದೆ, ಧ್ವನಿ ನಿಲ್ಲುತ್ತದೆ.

ಯಾರ ಬಾಯಿಂದ ಎಂಬಲ್ಲಿ ಈಗ ಮೀರಿಮ್ ಬರೆಯುತ್ತಿದ್ದಾಳೆ, ಅಕ್ಷರಗಳು ಬರುತ್ತಿವೆ, ಬುರುಲ್ ಎಜೆಯ ಬಾಯಿಂದ, ಹಿಮ ಕರಗುವ ಮುಂಚೆ. ಗುಂಪಿನಲ್ಲಿ ಒಬ್ಬೊಬ್ಬರೇ ಕೇಳುತ್ತಿರಬೇಕು, ಬೆಂಕಿಯ ಚಿತ್ರಗಳು ನಿಲ್ಲುತ್ತವೆ, ತೊಕ್ತೊಬಾಯ್ ಏನೋ ಬರೆದು ಅಳಿಸುತ್ತಾನೆ, ಹಾರ್ನಿನ ಮಾತನ್ನೂ ಅಳಿಸುತ್ತಾನೆ. ಹಾಗಾದರೆ ಅಕ್ಕ ಲಾರಿ ಹತ್ತಿದ್ದು ಇಳಿದದ್ದಾಗಿರಲಿಲ್ಲ, ಅಷ್ಟು ವರ್ಷವೂ ಮೇಲೆಯೇ ಇದ್ದಳು, ಮಂದೆಯ ಆ ಬದಿಗೆ, ಬಹಳ ದೂರದ ಆ ಬದಿಗೆ, ಮಂಜಿನಲ್ಲಿ, ನಿದ್ದೆಗೆಟ್ಟು, ಇವಳ ದನಿ ತಲುಪುವವರೆಗೆ ಇಳಿಯದೆ, ಅಮ್ಮನಿಗೆ ಹೇಳಬೇಕು, ರೊಟ್ಟಿ ತೆಗೆದುಕೊಂಡು ಹೋಗಿ ಹೇಳಬೇಕು, ಬರಿಬಾಯಲ್ಲಿ ಹೇಗೆ ಹೇಳುವುದು, ಫೋನನ್ನು ಆ ಅರ್ಧ ತುಂಬಿದ ಬಟ್ಟಲಿನ ಪಕ್ಕಕ್ಕಿಟ್ಟು ಒತ್ತುವುದು, ಅಮ್ಮ ಕೇಳುತ್ತಾಳೆ, ಬುರುಲ್ ತಾನೇ ಬಾಯಿಬಿಟ್ಟು ಹೇಳಿದ್ದಾಳೆ. ಜಿಪಾರ್ ಎದ್ದು ಕುರ್ಚಿಯನ್ನು ತಿರುಗಿಸುತ್ತಾಳೆ, ಗೋಡೆಯ ಕಡೆಗೆ, ಸುಣ್ಣ ಉದುರಿದ ಹಸಿರು ಗೋಡೆ, ಕೂರುತ್ತಾಳೆ, ಎರಡು ಕೈಗಳೂ ತಾವಾಗಿಯೇ ಸೊಂಟದ ಮೇಲೆ ಹೋಗಿ ನಿಲ್ಲುತ್ತವೆ, ಹಿಂದೆ ಬಾಕ್ತಿಗುಲ್, ಅಕ್ಕಾ, ಎನ್ನುತ್ತಾಳೆ, ಅವಳ ಯಂತ್ರ ನಿಲ್ಲುತ್ತದೆ, ಅದರ ಆಚೆಯದು ನಿಲ್ಲುತ್ತದೆ, ಅದರ ಆಚೆಯದು, ಸಾಲಿಗೆ ಸಾಲೇ ನಿಲ್ಲುತ್ತ ಹೋಗುತ್ತದೆ, ಏಯ್ ಏನಾಯ್ತು ಕರೆಂಟು ಹೋಯ್ತಾ ಎಂದು ಮಾಕ್ಸತ್ ಓಡಿಬಂದು, ನೋಡಿ, ಟೋಪಿ ತೆಗೆಯುತ್ತಾನೆ. ಜಿಪಾರಳ ಬಾಯಿ ತೆರೆಯುತ್ತದೆ, ಅಳುವ ಹಾಡಿನ ಮೊದಲ ಸಾಲು ಬರಬೇಕು, ಬರುತ್ತಿಲ್ಲ, ಗೋಡೆಯ ಹಸಿರಿನಲ್ಲಿ ಮಂಜು, ಮಂಜಿನಲ್ಲಿ ನಾಲ್ಕು ಕಾಲು, ಹೊಟ್ಟೆ, ಬೂದು ಕುದುರೆ ತಲೆ ತಗ್ಗಿಸಿ ನಿಂತಿದೆ, ಜೀನು ಖಾಲಿ, ಲಗಾಮು ಹುಲ್ಲಿನ ಮೇಲೆ, ಬೂದು ಕುದುರೆ, ಜೀನು ಖಾಲಿ. ಹೇಳದೆ ಇಳಿಯುವುದಿಲ್ಲ ಎಂದಿದ್ದಳು ಬುರುಲ್. ಹೇಳಿ ಇಳಿದಳು.